ಅಡುಗೆಮನೆ ದೀಪಕ್ಕೆ ಟ್ರಂಕ್ ಕಾಲ್ ಯಾಕೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ‘ಸ್ಮಾರ್ಟ್ ಮನೆ’ ಬಗ್ಗೆ ಬಂದ ಲೇಖನ ಓದಿದೆ. ಫೋನಿನಿಂದ ಹತ್ತುವ ದೀಪ, ಮಾತಿಗೆ ತಿರುಗುವ ಫ್ಯಾನು, ಬಾಗಿಲು ಕಾಯುವ ಕ್ಯಾಮೆರಾ, ಎಲ್ಲದರ ಬೆಲೆ ಸಮೇತ ಚೆನ್ನಾಗಿಯೇ ಬರೆದಿದ್ದಾರೆ. ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ಇಂಟರ್‌ನೆಟ್ ವೈರು ಕಿತ್ತರೆ ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ಮನಾಗುತ್ತದೆ? ನಮ್ಮಂಥ ಊರಿನವರು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು. ನಾನು ಕೇಳದೆ ಕೆಟ್ಟೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ನಿಮ್ಮ ಕೈಯಲ್ಲಿದೆ.

ನಾನು 31 ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು. 2020ರ ಜನವರಿಯಲ್ಲಿ ವಿಆರ್‌ಎಸ್ ತೆಗೆದುಕೊಂಡು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಮನೆಗೆ ಬಂದು ಕೂತೆ. ಎರಡು ಎಕರೆ ಅಡಿಕೆ ತೋಟ. 86 ವರ್ಷದ ಅಮ್ಮ, ಹೆಂಡತಿ, ನಾನು. ಮಗಳು ಬೆಂಗಳೂರಿನಲ್ಲಿ. ಆಗುಂಬೆ ಕಡೆ ಮೋಡ ಕಪ್ಪಾಯಿತು ಅಂದರೆ ಇಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ಇಂಟರ್‌ನೆಟ್ ಹೋಗುತ್ತದೆ. ಮಳೆ ಬರುವುದು ಮೂರನೆಯದು.

ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ಬಂದ ಮಗಳು ಆರು ಸ್ಮಾರ್ಟ್ ಸ್ವಿಚ್ ತಂದಳು. ಸ್ವಿಚ್ ಬೋರ್ಡಿನ ಒಳಗೆ ಕೂರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಗಳು. “ಅಪ್ಪಯ್ಯ, ಇನ್ನು ಅಜ್ಜಿ ಕತ್ತಲಲ್ಲಿ ಗೋಡೆ ತಡಕೋದು ಬೇಡ” ಅಂದಳು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಡುಗೆಮನೆಯ ಹಳೆಯ ಸ್ವಿಚ್ಚನ್ನೇ ತೆಗೆಸಿ ಖಾಲಿ ಪ್ಲೇಟ್ ಹಾಕಿಸಿದೆ. ನೋಡಲು ಚೆಂದ ಇತ್ತು. ಆ ಜಾಣತನ ಪೂರ್ತಿ ನನ್ನದೇ.

ಏಳೆಂಟು ತಿಂಗಳು ಎಲ್ಲ ಸರಿಯಿತ್ತು. ಜುಲೈನಲ್ಲಿ ಧೂಪದ ಮರವೊಂದು ಬಿದ್ದು ಫೈಬರ್ ಕಡಿಯಿತು. ಕರೆಂಟ್ ಎರಡನೇ ದಿನಕ್ಕೇ ಬಂತು, ಇಂಟರ್‌ನೆಟ್ ಮಾತ್ರ ಐದನೇ ದಿನಕ್ಕೆ. ಅಲ್ಲಿಯವರೆಗೆ ಬಲ್ಬಿನಲ್ಲಿ ದೋಷವಿಲ್ಲ, ವೈರಿನಲ್ಲಿ ಕರೆಂಟ್ ಇದೆ, ಅಡುಗೆಮನೆ ಕತ್ತಲು. ಅಮ್ಮ ಬಾಗಿಲಲ್ಲಿ ನಿಂತು, “ದೀಪ ಹಚ್ಚಕ್ಕೂ ಫೋನ್ ಬೇಕಾ ಮಾರಾಯ? ಚಿಮಣಿ ಬುಡ್ಡಿಗೆ ಸೀಮೆಎಣ್ಣೆ ಒಂದಿದ್ರೆ ಸಾಕಿತ್ತು” ಅಂದಳು. ಉತ್ತರ ಇರಲಿಲ್ಲ. ಆ ನಾಲ್ಕು ರಾತ್ರಿ ಟಾರ್ಚ್ ಹಿಡಿದು ಗಂಜಿ ಬಡಿಸಿದೆವು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಫೋನಿಗೂ ಅಡುಗೆಮನೆ ದೀಪಕ್ಕೂ ಆರಡಿ ದೂರ. ನಾನು ಒತ್ತಿದ್ದು ಆ ಆರಡಿಯನ್ನು ನೇರವಾಗಿ ದಾಟುವುದಿಲ್ಲ. ಮನೆಯಿಂದ ಹೊರಟು, ಬೆಂಗಳೂರು ಹಾದು, ಕಂಪನಿಯವರು ಎಲ್ಲೋ ಬಾಡಿಗೆಗೆ ಇಟ್ಟ ಕಂಪ್ಯೂಟರ್, ಅಂದರೆ ಸರ್ವರ್, ಮುಟ್ಟಿ, ಅಲ್ಲಿಂದ ಅಪ್ಪಣೆ ತೆಗೆದುಕೊಂಡು ವಾಪಸ್ ನಮ್ಮ ಅಡುಗೆಮನೆಗೆ ಬರುತ್ತದೆ. ಪಕ್ಕದ ಮನೆಯವರ ಹತ್ತಿರ ಮಾತಾಡಲು, ದೂರದ ಊರಿಗೆ ಮಾಡುವ ಟ್ರಂಕ್ ಕಾಲ್ ಬುಕ್ ಮಾಡಿದ ಹಾಗೆ.

ಟೆಲಿಫೋನಿನವನಿಗೆ ಇದು ಮರ್ಯಾದೆ ಪ್ರಶ್ನೆ. ಯಾಕೆ ಅಂತ ಹೇಳುತ್ತೇನೆ. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ದೇಶದಲ್ಲೇ ರೂಪಿಸಿದ ಹಳ್ಳಿ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. 128 ಪೋರ್ಟಿನ, ಅಂದರೆ ಲೈನು ಸೇರಿಸುವ 128 ಜಾಗಗಳ, ಪುಟ್ಟ ಯಂತ್ರ. ‘ರ‍್ಯಾಕ್ಸ್’ ಅಂತ ಕರೆಯುತ್ತಿದ್ದೆವು. ಅದಕ್ಕೆ ಎಸಿ ಕೋಣೆ ಬೇಡ. ಧೂಳು, ಸೆಖೆ ತಡೆಯುತ್ತಿತ್ತು. ನಾನು ಕೆಲಸ ಕಲಿತಿದ್ದು ಅದರ ಅಣ್ಣ, 256 ಪೋರ್ಟಿನದರ ಮೇಲೆ. ಒಂದು ಸಣ್ಣ ಹೆಂಚಿನ ಕೋಣೆ, 48 ವೋಲ್ಟಿನ ಬ್ಯಾಟರಿ ಸಾಲು, ಸಿಡಿಲು ಹೊಡೆದಾಗ ಕೈಗೆ ಸಿಗುವ ಸುಟ್ಟ ಕಾರ್ಡುಗಳು. ಮಳೆಗಾಲದಲ್ಲಿ ಹೊರಗಿನ ಲೈನ್ ಎಷ್ಟೋ ಸಲ ಕಡಿಯುತ್ತಿತ್ತು. ಶಿವಮೊಗ್ಗ ಸಿಗುತ್ತಿರಲಿಲ್ಲ, ಬೆಂಗಳೂರು ಸಿಗುತ್ತಿರಲಿಲ್ಲ. ಆದರೆ ಊರೊಳಗಿನ ಫೋನು ಊರೊಳಗಿನ ಫೋನಿಗೆ ರಿಂಗ್ ಆಗುತ್ತಿತ್ತು. ಡಾಕ್ಟರ ಮನೆ ಸಿಗುತ್ತಿತ್ತು, ಸೊಸೈಟಿ ಸಿಗುತ್ತಿತ್ತು. ಯಾಕೆಂದರೆ ಸ್ವಿಚಿಂಗ್, ಅಂದರೆ ಒಂದು ಫೋನಿನ ಲೈನನ್ನು ಇನ್ನೊಂದಕ್ಕೆ ಸೇರಿಸುವ ಕೆಲಸ, ಊರಲ್ಲೇ ಆಗುತ್ತಿತ್ತು. ಅಷ್ಟು ಹಳೆಯ ಯಂತ್ರಕ್ಕೆ ಗೊತ್ತಿದ್ದ ವಿಷಯ ನನ್ನ ಹೊಸ ಸ್ವಿಚ್ಚಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಇನ್ನೊಂದು ಏಟು ಬಿತ್ತು. ಕಂಪನಿಯಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಇ-ಮೇಲ್. ಬರುವ ತಿಂಗಳಿನಿಂದ ಈ ಮಾಡೆಲಿಗೆ ಆ್ಯಪ್ ಸೇವೆ ಇರುವುದಿಲ್ಲ, ಸಹಕರಿಸಿದ್ದಕ್ಕೆ ಧನ್ಯವಾದ. ಫೋನ್ ಮಾಡಿದರೆ ಹೊಸ ಮಾಡೆಲಿಗೆ ರಿಯಾಯಿತಿ ಕೊಡುತ್ತೇವೆ ಅಂದರು. ಹಾಳಾಗದ ಆರು ಸ್ವಿಚ್ ಒಂದೇ ದಿನ ಸತ್ತವು. ಕಂಪನಿ ಹೆಸರು ಬರೆಯುವುದಿಲ್ಲ. ಅವರೊಬ್ಬರ ಚಾಳಿ ಅಲ್ಲ ಇದು. ಗೂಗಲ್ ಬಳಗದ ನೆಸ್ಟ್ ಕಂಪನಿ 2014ರಲ್ಲಿ ಮನೆಯ ಸ್ಮಾರ್ಟ್ ಸಾಮಾನುಗಳನ್ನು ನಡೆಸುವ ಡಬ್ಬ ಮಾಡುತ್ತಿದ್ದ ರಿವಾಲ್ವ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ಸುಮಾರು 300 ಡಾಲರ್ ಕೊಟ್ಟವರ ಮನೆಯಲ್ಲಿ ಖಾಲಿ ಡಬ್ಬ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇಂಥದೇ ಸಾಮಾನು ಮಾಡುವ ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ನಿಂತವು. ಕೊನೆಗೆ ಅದನ್ನು ಬಳಸುತ್ತಿದ್ದವರೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಮತ್ತೆ ಚಾಲೂ ಮಾಡಿದರು.

ನನಗೆ ಕಂಪನಿ ಕೊಳ್ಳುವ ಶಕ್ತಿ ಇಲ್ಲ. ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಇತ್ತು.

ಒಂದು ಸ್ವಿಚ್ಚನ್ನು ಗೋಡೆಯಿಂದ ಬಿಚ್ಚಿ ಒಳಗೆ ನೋಡಿದೆ. ಇಎಸ್‌ಪಿ8266 ಅನ್ನುವ ಚಿಪ್. ಅಗ್ಗದ ಚಿಪ್, ಆದರೆ ವೈಫೈ ಇರುವ ಪೂರ್ತಿ ಕಂಪ್ಯೂಟರೇ ಅದು. ಒಳಗಿನ ಸಾಫ್ಟ್‌ವೇರ್ ಅಳಿಸಿ ಟಾಸ್ಮೋಟಾ ಅನ್ನುವ ಉಚಿತ ಸಾಫ್ಟ್‌ವೇರ್ ತುಂಬಿಸಿದರೆ ಅದು ಕಂಪನಿಯ ಮಾತು ಕೇಳುವುದು ಬಿಟ್ಟು ಮನೆಯವರ ಮಾತು ಕೇಳುತ್ತದೆ. ನಾಲ್ಕು ಸಣ್ಣ ವೈರು ಬೆಸೆದು, ಐದನೆಯದನ್ನು ಚಾಲೂ ಆಗುವ ಹೊತ್ತಿಗೆ ಆ ಬೋರ್ಡಿನದೇ ಗ್ರೌಂಡ್ ಪಿನ್ನಿಗೆ ಮುಟ್ಟಿಸಿ, 3.3 ವೋಲ್ಟ್ ಕೊಟ್ಟು ಲ್ಯಾಪ್‌ಟಾಪಿನಿಂದ ಕಳಿಸಬೇಕು. ಈ ಕೆಲಸ ಮಾಡುವಾಗ ಅದು ಗೋಡೆಯ ಕರೆಂಟಿಗೆ ಸೇರಿರಲೇಬಾರದು. ಇದನ್ನು ಎರಡು ಸಲ ಓದಿಕೊಳ್ಳಿ, ಜೀವದ ವಿಷಯ. ಆರರಲ್ಲಿ ನಾಲ್ಕು ಬದುಕಿದವು. ಉಳಿದೆರಡರಲ್ಲಿ ಬೇರೆ ಚಿಪ್ ಇತ್ತು, ನನ್ನ ಕೈಗೆ ಬಗ್ಗಲಿಲ್ಲ.

ಇನ್ನು ಈ ಸ್ವಿಚ್ಚುಗಳಿಗೆ ಊರ ಎಕ್ಸ್‌ಚೇಂಜಿನಂಥದ್ದೊಂದು ಬೇಕಲ್ಲ, ಅದಕ್ಕೆ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಪೌಲಸ್ ಸ್ಕೌಟ್ಸೆನ್ ಅನ್ನುವವರು 2013ರಲ್ಲಿ ಶುರು ಮಾಡಿದ್ದು. ಈಗ ಜಗತ್ತಿನ ಎಲ್ಲೆಲ್ಲಿಯ ಜನವೋ ಸೇರಿ ಬೆಳೆಸುತ್ತಿದ್ದಾರೆ. ಕಾಸು ಕೊಡಬೇಕಿಲ್ಲ. ಮನೆಯ ಕಂಪ್ಯೂಟರಿನಲ್ಲೇ ಕೂತು ಮನೆಯ ಸ್ವಿಚ್ಚುಗಳ ಜತೆ ಮಾತಾಡುತ್ತದೆ. ಅವುಗಳ ನಡುವಿನ ಭಾಷೆಗೆ ಎಂಕ್ಯೂಟಿಟಿ ಅಂತ ಹೆಸರು. 1999ರಲ್ಲಿ ಎಣ್ಣೆ ಪೈಪ್‌ಲೈನುಗಳ ಸುದ್ದಿಯನ್ನು ಉಪಗ್ರಹದ ಮೂಲಕ ಚುಟುಕಾಗಿ ಕಳಿಸಲು ಮಾಡಿದ್ದಂತೆ. ಈ ಸುದ್ದಿಗಳನ್ನು ಹಂಚುವ ಅಂಚೆಯಣ್ಣನ ಹೆಸರು ಮಾಸ್ಕಿಟ್ಟೊ. “ಇದ್ದ ಸೊಳ್ಳೆ ಸಾಲ್ದು ಅಂತ ಹೊಸದು ತಂದ್ರಾ?” ಅಂತ ಹೆಂಡತಿ ಕೇಳಿದಳು.

ಮೊದಲು ಇದನ್ನೆಲ್ಲ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮೇಲೆ ಹಾಕಿದ್ದೆ. ಮೊದಲ ಮಳೆಗಾಲದಲ್ಲೇ ಕೈಕೊಟ್ಟಿತು. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬಂದು ಅದರ ಮೆಮೊರಿ ಕಾರ್ಡ್ ಕೆಟ್ಟಿತು. ಬ್ಯಾಕಪ್ ಇರಲಿಲ್ಲ. ಮೂರು ತಿಂಗಳ ಕೆಲಸ ಹೋಯಿತು. ಎಕ್ಸ್‌ಚೇಂಜಿನಲ್ಲಿ ವಾರಕ್ಕೊಮ್ಮೆ ತಪ್ಪದೆ ಬ್ಯಾಕಪ್ ತೆಗೆಯುತ್ತಿದ್ದವನು ನಾನು. ಸ್ವಂತ ಮನೆ ಅಂದರೆ ಉದಾಸೀನ, ಅಲ್ವಾ?

ಈಗಿರುವುದು ಮಗಳು ಬಿಟ್ಟುಹೋದ, ಪರದೆ ಒಡೆದ ಹಳೇ ಲ್ಯಾಪ್‌ಟಾಪ್. ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ಪೂರಿಯ ಹಾಗೆ ಉಬ್ಬಿತ್ತು. ತೆಗೆದು ಮನೆಯಿಂದ ಹೊರಗೆ ಹಾಕಿ, ಇನ್ವರ್ಟರಿಗೆ ಸೇರಿಸಿದೆ. ವರ್ಷಗಟ್ಟಲೆ ಚಾರ್ಜಿಗೆ ಹಾಕಿಟ್ಟ ಲ್ಯಾಪ್‌ಟಾಪ್ ಯಾರ ಮನೆಯಲ್ಲಿದ್ದರೂ ಒಮ್ಮೆ ತಿರುಗಿಸಿ ನೋಡಿ. ಮೀಟರ್ ಹಾಕಿ ಅಳೆದಾಗ 14 ವ್ಯಾಟ್ ತಿನ್ನುತ್ತಿತ್ತು. ಹಗಲು ರಾತ್ರಿ ಓಡಿದರೆ ತಿಂಗಳಿಗೆ ಹತ್ತು ಯೂನಿಟ್. ಗೃಹಜ್ಯೋತಿಯ ಮಿತಿ ದಾಟೀತಾ ಅಂತ ಹೆಂಡತಿ ಎರಡು ತಿಂಗಳು ಬಿಲ್ಲು ಕೈಯಲ್ಲಿ ಹಿಡಿದು ಕಾದಳು. ದಾಟಲಿಲ್ಲ.

ತೋಟದ ಪಂಪಿನ ವಿಷಯ ಹೇಳದಿದ್ದರೆ ಇದೆಲ್ಲ ಶೋಕಿ ಅನ್ನಿಸಬಹುದು. ಮೊಬೈಲ್ ಸ್ಟಾರ್ಟರ್ ನಮ್ಮ ರೈತರಿಗೆ ಹೊಸದಲ್ಲ. ಸ್ಟಾರ್ಟರಿನೊಳಗಿನ ಸಿಮ್ಮಿಗೆ ರಿಂಗ್ ಕೊಟ್ಟು ಪಂಪ್ ಹಾಕುವವರು ಊರೂರಲ್ಲಿ ಇದ್ದಾರೆ. ತ್ರೀಫೇಸ್ ರಾತ್ರಿ ಯಾವ ಹೊತ್ತಿಗೆ ಬರುತ್ತೋ ಅಂತ ಎದ್ದು ಕೂರುವ ಕಷ್ಟ ಅದರಿಂದ ತಪ್ಪಿತು. ಆದರೆ ನಮ್ಮ ಹಳ್ಳದ ಗುಂಡಿಯಲ್ಲಿ ಮಾರ್ಚ್ ಹೊತ್ತಿಗೆ ನೀರು ಇಳಿಯುತ್ತದೆ. ನೀರಿಲ್ಲದೆ ಓಡಿದರೆ ಮೋಟರು ಸುಡುತ್ತದೆ. ಎರಡು ಸಲ ರೀವೈಂಡಿಂಗ್ ಮಾಡಿಸಿದ್ದೇನೆ. ಈಗ ಪೈಪಿನಲ್ಲಿ ನೀರು ಹರಿಯುತ್ತಿದೆಯಾ ಅಂತ ನೋಡುವ ಸಣ್ಣ ಸ್ವಿಚ್ ಹಾಕಿದ್ದೇನೆ. ಎರಡು ನಿಮಿಷ ನೀರು ಬಾರದಿದ್ದರೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಪಂಪ್ ನಿಲ್ಲಿಸುತ್ತದೆ. ಬೋರ್ಡಿಗೆ ಕೊಟ್ಟಿದ್ದು 400 ರೂಪಾಯಿಗೂ ಕಡಿಮೆ. ಆ ನಿಯಮವನ್ನು ನಾನು ಬೋರ್ಡಿನ ಒಳಗೇ ಬರೆದಿಟ್ಟಿದ್ದೇನೆ. ಇಂಟರ್‌ನೆಟ್ ಇಲ್ಲದಿದ್ದರೂ, ವೈಫೈ ಇಲ್ಲದಿದ್ದರೂ, ಮನೆಯ ಲ್ಯಾಪ್‌ಟಾಪ್ ಸತ್ತಿದ್ದರೂ ಅದು ಪಂಪ್ ನಿಲ್ಲಿಸುತ್ತದೆ. ಇದನ್ನು ನೋಡಿ ಮಾಡಹೊರಟವರಿಗೆ ಒಂದು ಮಾತು. ಬೋರ್ಡು ಹೇಳಿದಂತೆ ಹತ್ತಿ ಆರುವ ಸಣ್ಣ ಸ್ವಿಚ್ಚಿನಿಂದ, ಅಂದರೆ ರಿಲೇಯಿಂದ, ಮೋಟರಿಗೆ ನೇರ ಕರೆಂಟ್ ಕೊಡಬೇಡಿ. ಅದು ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು ಮಾತ್ರ ಬಿಡಿಸಬೇಕು. ಆ ವೈರಿಂಗನ್ನು ನಾನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು. ಇರುವೆ ಗೂಡು ಕಟ್ಟಿ ಒಮ್ಮೆ ರಿಲೇ ಕಚ್ಚಿಕೊಂಡಿತ್ತು. ಅದಕ್ಕೆ ಪರಿಹಾರ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ತಿಂಗಳಿಗೊಮ್ಮೆ ಡಬ್ಬ ಬಿಚ್ಚಿ ಬ್ರಶ್ ಹಾಕಿ ಉಜ್ಜುತ್ತೇನೆ.

ಅದೇ ಲ್ಯಾಪ್‌ಟಾಪಿನಲ್ಲಿ ನಮ್ಮ ಫೋಟೊಗಳೂ ಇವೆ. 2021ರ ಜೂನ್ 1ರಿಂದ ಗೂಗಲ್ ಫೋಟೊಸ್ ಲೆಕ್ಕವಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುವುದನ್ನು ನಿಲ್ಲಿಸಿತು. 15 ಜಿಬಿ ತುಂಬಿತು ಅಂತ ದಿನಾ ನೋಟಿಸ್ ಬರತೊಡಗಿತು. ಇಮ್ಮಿಚ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ 22,000 ಫೋಟೊ ತುಂಬಿಸಿದೆ. ಮುಖ ಗುರುತಿಸುವ ಕೆಲಸವನ್ನೂ ಅದು ಮನೆಯಲ್ಲೇ ಮಾಡುತ್ತದೆ. ಹಳೇ ಲ್ಯಾಪ್‌ಟಾಪ್ ಮೂರು ರಾತ್ರಿ ಬಿಸಿಯಾಗಿ ಒದ್ದಾಡಿತು. ಬೆಳಿಗ್ಗೆ ನೋಡಿದರೆ ಅಮ್ಮನನ್ನೂ ತೀರಿಹೋದ ದೊಡ್ಡಮ್ಮನನ್ನೂ ಒಬ್ಬರೇ ಅಂತ ಒಂದೇ ಗುಂಪಿಗೆ ಹಾಕಿತ್ತು. ಬೇರೆ ಮಾಡೋಣ ಅಂತ ಹೋದೆ. ಅಮ್ಮ ಪಕ್ಕದಲ್ಲಿ ಕೂತು ಒಂದೊಂದೇ ನೋಡಿ, “ಇರ್ಲಿ ಬಿಡು, ಒಟ್ಟಿಗೆ ಇರ್ಲಿ” ಅಂದಳು. ಹಾಗೇ ಇವೆ.

ಇದರಲ್ಲಿ ತೊಂದರೆ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಊರಿಂದ ಹೊರಗಿದ್ದಾಗ ಮನೆಯ ಸರ್ವರ್ ಮುಟ್ಟುವುದೇ ಒಂದು ಕಷ್ಟ. ನಮ್ಮ ಇಂಟರ್‌ನೆಟ್ ಕೊಡುವವರು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ. ಕಚೇರಿಯ ಎಕ್ಸ್‌ಟೆನ್ಶನ್ ಫೋನಿದ್ದ ಹಾಗೆ. ಒಳಗಿನಿಂದ ಹೊರಗೆ ಫೋನ್ ಮಾಡಬಹುದು, ಹೊರಗಿನವರು ನೇರ ಆ ಎಕ್ಸ್‌ಟೆನ್ಶನ್‌ಗೆ ಮಾಡಲಾಗದು. ಅದಕ್ಕೆ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ನನ್ನ ಫೋನಿಗೂ ಮನೆಯ ಲ್ಯಾಪ್‌ಟಾಪಿಗೂ ಮೊದಲು ಪರಿಚಯ ಮಾಡಿಸಲು ಅದಕ್ಕೂ ಬೇರೆಯವರ ಸರ್ವರ್ ಬೇಕು, ನಿಜ. ಅಷ್ಟು ಸಾಲ ನನ್ನ ಮೇಲಿದೆ. ಆದರೆ ಅದು ನಾಳೆ ನಿಂತರೆ ಬೆಂಗಳೂರಿನಲ್ಲಿ ಕೂತು ಮನೆಯ ಟ್ಯಾಂಕಿನ ನೀರು ನೋಡುವುದು ನಿಲ್ಲುತ್ತದೆ, ಅಡುಗೆಮನೆ ದೀಪ ನಿಲ್ಲುವುದಿಲ್ಲ. ಬ್ಯಾಕಪ್ಪಿಗೆ ಎರಡು ಹಾರ್ಡ್ ಡಿಸ್ಕ್. ಒಂದು ಇಲ್ಲಿ, ಒಂದು ಮಗಳ ಮನೆಯಲ್ಲಿ. ಹಬ್ಬಕ್ಕೆ ಬಂದಾಗ ಅದಲು ಬದಲು ಮಾಡುತ್ತೇವೆ. ಸಿಡಿಲಿಗೆ ಮೋಡೆಮ್ ಎರಡು ಸಲ ಸುಟ್ಟಿತು. ಫೈಬರ್ ಗಾಜಿನದು, ಆದರೆ ಮೋಡೆಮಿಗೆ ಕರೆಂಟ್ ಕೊಡುವ ವೈರು ತಾಮ್ರದ್ದು ಅನ್ನುವುದು ನನಗೇ ಮರೆತಿತ್ತು. ಈಗ ಅರ್ತಿಂಗ್ ಹೊಸದಾಗಿ ಮಾಡಿಸಿದ್ದೇನೆ.

ಹೊಸ ಸಾಮಾನು ಕೊಳ್ಳುವಾಗ ಈಗ ನನ್ನದೊಂದು ಪರೀಕ್ಷೆ ಇದೆ. ಅಂಗಳಕ್ಕೆ ಮಂಗ ಕಾಯಲು ಒಂದು ಕ್ಯಾಮೆರಾ ತಂದೆ. ಮನೆಗೆ ತಂದ ದಿನವೇ ರೂಟರಿನಲ್ಲಿ ಅದಕ್ಕೆ ಇಂಟರ್‌ನೆಟ್ಟಿಗೆ ಹೋಗುವ ದಾರಿ ಮುಚ್ಚಿದೆ. ಒಳಗಿನ ಲ್ಯಾಪ್‌ಟಾಪಿಗೆ ಚಿತ್ರ ಕೊಟ್ಟಿತು, ಹಾಗಾಗಿ ಇಟ್ಟುಕೊಂಡೆ. ಅದಕ್ಕೆ ಮುಂಚೆ ತಂದ ಇನ್ನೊಂದು ಕೊಡಲಿಲ್ಲ, ವಾಪಸ್ ಕಳಿಸಿದೆ. ಅಡುಗೆಮನೆಗೆ ಹಳೇ ಟಕ್ ಟಕ್ ಸ್ವಿಚ್ ಮತ್ತೆ ಬಂದಿದೆ. ನನ್ನ ಪೆಟ್ಟಿಗೆ ಅದರ ಹಿಂದೆ ಇದೆ. ಫೋನಿನಲ್ಲೂ ಹತ್ತುತ್ತದೆ, ಬೆರಳಲ್ಲೂ ಹತ್ತುತ್ತದೆ. ಅಮ್ಮ ಇವತ್ತಿಗೂ ಬೆರಳಲ್ಲೇ ಒತ್ತುತ್ತಾಳೆ. ಹೆಂಡತಿಗಾಗಿ ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: ನಾನಿಲ್ಲದಾಗ ಏನಾದರೂ ಎಡವಟ್ಟಾದರೆ ಕಪ್ಪು ಲ್ಯಾಪ್‌ಟಾಪಿನ ಪ್ಲಗ್ ಕಿತ್ತುಬಿಡು, ಮನೆಯ ದೀಪ, ಫ್ಯಾನು, ಪಂಪು ಎಲ್ಲ ಸ್ವಿಚ್ಚಿನಲ್ಲಿ ನಡೆಯುತ್ತವೆ.

ಎಲ್ಲರೂ ನನ್ನ ಹಾಗೆ ಬೆಸುಗೆ ಕಡ್ಡಿ ಹಿಡಿಯಬೇಕು ಅಂತ ನಾನು ಹೇಳುವುದಿಲ್ಲ. ನಿವೃತ್ತನಿಗೆ ಸಮಯ ಇದೆ, ಹುಚ್ಚೂ ಇದೆ. ಆದರೆ ಕೊಳ್ಳುವವನಿಗೆ ಒಂದು ಸಾಲಿನ ಮಾಹಿತಿ ಕೊಡಲು ಯಾರ ಗಂಟು ಹೋಗುತ್ತದೆ? ಬಿಸ್ಕತ್ ಪ್ಯಾಕಿನ ಮೇಲೆ ಎಂಆರ್‌ಪಿ ಇರುತ್ತದೆ, ತಯಾರಾದ ತಿಂಗಳು ಇರುತ್ತದೆ, ದೂರು ಹೇಳಲು ನಂಬರ್ ಇರುತ್ತದೆ. ಫ್ರಿಜ್ಜಿನ ಮೇಲೆ ಎಷ್ಟು ಸ್ಟಾರ್ ಅಂತ ಇರುತ್ತದೆ. ಸ್ಮಾರ್ಟ್ ಸ್ವಿಚ್ಚಿನ ಡಬ್ಬದ ಮೇಲೆ ಎರಡೇ ಸಾಲು ಸಾಕು. ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುತ್ತದೋ ಇಲ್ಲವೋ. ಕಂಪನಿ ತನ್ನ ಸರ್ವರನ್ನು ಯಾವ ವರ್ಷದ ತನಕ ನಡೆಸುತ್ತದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಬಂದಿದೆ. ಇಂಥ ಸಾಧನ ಮಾರುವವರು ಸುರಕ್ಷತೆಯ ಅಪ್‌ಡೇಟ್ ಕನಿಷ್ಠ ಎಲ್ಲಿಯ ತನಕ ಕೊಡುತ್ತೇವೆ ಅಂತ ಹೇಳಲೇಬೇಕು. ಸರ್ವರಿನ ಮಾತು ಅದರಲ್ಲಿ ಇಲ್ಲ, ಆದರೂ ಆರಂಭ ಅಂತಾದರೂ ಆಯಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಫೋನು, ಫ್ರಿಜ್ಜು, ಟ್ರ್ಯಾಕ್ಟರ್‌ ರಿಪೇರಿಯ ಮಾತು ಬರುವ ಕಡೆ ಈ ಎರಡು ಸಾಲೂ ಬರಲಿ ಅಂತ ನನ್ನ ಕೋರಿಕೆ.

ಸರ್ಕಾರ ಮಾಡುವಾಗ ಮಾಡಲಿ. ನಿಮ್ಮಿಂದ ಒಂದು ಕೆಲಸ ಈ ವಾರವೇ ಆಗುತ್ತದೆ. ಪುರವಣಿಯಲ್ಲಿ ಇಂಥ ಸಾಮಾನಿನ ಬಗ್ಗೆ ಬರೆಯುವಾಗ, ಬರೆಯುವವರು ಹತ್ತು ನಿಮಿಷ ರೂಟರಿಗೆ ಬರುವ ಇಂಟರ್‌ನೆಟ್ ವೈರು ಕಿತ್ತಿಟ್ಟು ನೋಡಲಿ. ಆಗ ಏನಾಯಿತು ಅಂತ ಬೆಲೆಯ ಪಕ್ಕದಲ್ಲಿ ಒಂದು ಸಾಲು ಹಾಕಿ.

ಆ ಎರಡು ಸತ್ತ ಸ್ವಿಚ್ ಇನ್ನೂ ನನ್ನ ಹತ್ತಿರ ಇವೆ. ಪರೀಕ್ಷೆ ಮಾಡಲು ಬೇಕಿದ್ದರೆ ತಿಳಿಸಿ, ಅಂಚೆಯಲ್ಲಿ ಕಳಿಸುತ್ತೇನೆ. ವಾಪಸ್ ಬೇಡ.

ಇಂತಿ,
ನಿವೃತ್ತ ಟೆಲಿಫೋನ್ ಮೆಕ್ಯಾನಿಕ್,
ತೀರ್ಥಹಳ್ಳಿ ತಾಲ್ಲೂಕು